ಹಾಲಿನ ಡೈರಿ, ಶಾಲೆಯ ಡೈರಿ

ಪ್ರಶ್ನೆ: ನನಗೆ 34 ವರ್ಷ. ಊರು ಕಡೂರು ತಾಲ್ಲೂಕಿನ ಹಿರೇನಲ್ಲೂರು. ಪಿಯುಸಿವರೆಗೆ ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಎಬಿಸಿಡಿ ಕಲಿತದ್ದೇ 5ನೇ ಕ್ಲಾಸಿನಲ್ಲಿ. ಈಗ ನಮ್ಮ ಕಡೆಯ ಒಂದು ಮಹಿಳಾ ಹಾಲಿನ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಮಗಳು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ 4ನೇ ತರಗತಿ.

ಕಳೆದ ತಿಂಗಳು ಅವಳ ಶಾಲೆಯ ಡೈರಿ ಕಳೆದುಹೋಯಿತು. ಹೊಸದು ಕೊಡಿ ಎಂದು ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಬರೆಯುವಾಗ ಹಾಲಿನ ಡೈರಿಯ ಸ್ಪೆಲ್ಲಿಂಗ್ ಹಾಕಿಬಿಟ್ಟಿದ್ದೆ. ‘ಕಳೆದುಕೊಂಡಳು’ ಅನ್ನುವ ಕಡೆಯೂ ಒಂದು ‘ಓ’ ಜಾಸ್ತಿ ಬಿದ್ದು ಲೂಸ್ ಆಗಿತ್ತು. ಯಾರೋ ಒಬ್ಬರು ಹಸುವಿನ ಚಿತ್ರ ಹಾಕಿದರು. ಅದರ ಹಿಂದೆ ಸಾಲಾಗಿ ನಗುವ ಮುಖಗಳು ಬಂದವು. ಮಗಳು ‘ಅಮ್ಮಾ, ಇನ್ಮೇಲೆ ನೀನು ಗ್ರೂಪಲ್ಲಿ ಬರೀಬೇಡ, ಅಪ್ಪಂಗೆ ಹೇಳು’ ಅಂದಳು. ಪೋಷಕರ ಸಭೆಗೆ ಹೋದಾಗ ‘ನಾನು ಟೀಚರನ್ನ ಕೇಳಿದೆ’ ಅನ್ನಲು ‘ಐ ಹಿಯರ್ಡ್ ಟೀಚರ್’ ಅಂದೆ. ಮಗಳು ತಲೆ ತಗ್ಗಿಸಿ ನಿಂತಿದ್ದಳು.

ಬೀರೂರಿಗೆ ಹೋದಾಗ ಒಂದೇ ಥರ ಕಾಣುವ ಇಂಗ್ಲಿಷ್ ಪದಗಳ ಪುಸ್ತಕ ತಂದೆ. ಜೋಡಿ ಜೋಡಿಯಾಗಿ ಕೊಟ್ಟಿದ್ದಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಯಿಪಾಠ ಮಾಡುತ್ತೇನೆ. ಆದರೆ ಮೊದಲು ಎರಡರಲ್ಲಿ ಒಂದಾದರೂ ಗೊತ್ತಿರುತ್ತಿತ್ತು, ಈಗ ಎರಡೂ ಕಲಸುಮೇಲೋಗರ. ನನ್ನ ತಲೆಯಲ್ಲೇ ಏನಾದರೂ ಕೊರತೆ ಇದೆಯೇ? ಈ ವಯಸ್ಸಿನಲ್ಲಿ ಇದು ಹತ್ತುತ್ತದೆಯೇ? ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿದರೆ ಸರಿಹೋಗುತ್ತದೆಯೇ? ಗ್ರೂಪು ಬಿಟ್ಟುಬಿಡಲೇ?

ಹೆಸರು ಬೇಡ, ಹಿರೇನಲ್ಲೂರು

ಉತ್ತರ: ತಂಗೀ, ನಿಮ್ಮ ತಲೆಯಲ್ಲಿ ಯಾವ ಕೊರತೆಯೂ ಇಲ್ಲ. ಬೆಳಗಿನ ಜಾವ ಕ್ಯಾನು ಹಿಡಿದು ಸಾಲುನಿಂತವರ ಹಾಲಿನ ಲೀಟರು, ಫ್ಯಾಟು, ಲ್ಯಾಕ್ಟೋಮೀಟರಿನ ಡಿಗ್ರಿ ಬರೆದುಕೊಂಡು, ಫ್ಯಾಟು 3.5ಕ್ಕಿಂತ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5ಕ್ಕಿಂತ ಕೆಳಗಿಳಿದಾಗ ದರ ಹೇಗೆ ಇಳಿಯುತ್ತದೆ ಎಂದು ಉತ್ಪಾದಕರಿಗೆ ತಿಳಿಹೇಳಿ, ಬಟವಾಡೆಯ ದಿನ ಯಾರ ಲೆಕ್ಕದಲ್ಲೂ ಒಂದು ರೂಪಾಯಿ ಹೆಚ್ಚುಕಡಿಮೆ ಆಗದಂತೆ ನೋಡಿಕೊಳ್ಳುವವರು ನೀವು. ಒಂದರಂತೆ ಕಾಣುವ ಎರಡನ್ನು ಬೇರ್ಪಡಿಸುವುದೇ ನಿಮ್ಮ ದಿನದ ಕೆಲಸ. ಇಂಗ್ಲಿಷ್ ಪದಗಳಲ್ಲಿ ಆ ಕೈ ನಡೆಯುತ್ತಿಲ್ಲ ಎಂದರೆ ಕಲಿಸಿದ ದಾರಿಯಲ್ಲಿ ದೋಷವಿದೆ. ಅದನ್ನು ಸರಿಮಾಡಬಹುದು, ಅದಕ್ಕೆ ಕನ್ನಡ ಬಿಡಬೇಕಾಗಿಲ್ಲ. ಬಿಟ್ಟರೆ ಕೈಯಲ್ಲಿರುವ ಸಾಧನವನ್ನೇ ಬಿಟ್ಟಂತೆ. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಡೈರಿಯಿಂದಲೇ ಶುರುಮಾಡೋಣ. ನಮ್ಮ ಬಾಯಲ್ಲಿ ಹಾಲು ಹಾಕುವ ಜಾಗವೂ ಡೈರಿ, ಮಕ್ಕಳ ಹೋಮ್‌ವರ್ಕ್ ಬರೆಯುವ ಪುಸ್ತಕವೂ ಡೈರಿ. ಪತ್ರಿಕೆಯವರು ಹಾಲಿನದನ್ನು ಎಷ್ಟೋ ಸಲ ‘ಡೇರಿ’ ಎಂದು ಬರೆಯುತ್ತಾರೆ. ಇಂಗ್ಲಿಷಿನ ಉಚ್ಚಾರಕ್ಕೆ ಹತ್ತಿರವಾದದ್ದು ಅದೇ. ಪುಸ್ತಕದ್ದು ‘ಡಯರಿ’. ಊರಿನ ಬಾಯಲ್ಲಿ ಮಾತ್ರ ಎರಡೂ ಒಂದೇ ಆಗಿಹೋಗಿವೆ. ಕಿವಿಗೆ ಒಂದೇ ಆಗಿರುವುದನ್ನು ಕೈ ಎರಡಾಗಿ ಬರೆಯಬೇಕು ಎಂದರೆ ಯಾರೇ ಆದರೂ ಎಡವುತ್ತಾರೆ. ನೀವಂತೂ ದಿನಾ ರಸೀತಿಯಲ್ಲಿ, ಬೋರ್ಡಿನಲ್ಲಿ ಹಾಲಿನ ಡೈರಿಯ ಸ್ಪೆಲ್ಲಿಂಗನ್ನೇ ನೋಡುವವರು. ಕೈಗೆ ಮೊದಲು ಬಂದದ್ದು ಅದು. ಫೋನು ಕೂಡ ಎಚ್ಚರಿಸಲಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಎರಡೂ ಸರಿಯಾದ ಪದಗಳೇ. ಕಾಗುಣಿತ ತಪ್ಪಿದರೆ ಫೋನು ಕೆಂಪು ಗೆರೆ ಎಳೆಯುತ್ತದೆ. ಸರಿಯಾದ ಪದ ತಪ್ಪು ಜಾಗದಲ್ಲಿ ಕೂತರೆ ಎಷ್ಟೋ ಸಲ ಸುಮ್ಮನಿರುತ್ತದೆ. ಇಂಥ ಜೋಡಿಗಳಿಗೆ ಫೋನನ್ನು ನಂಬಬೇಡಿ.

ನೆನಪಿಗೆ ಒಂದು ಹಿಡಿ ಕೊಡುತ್ತೇನೆ. ಶಾಲೆಯ ಡೈರಿ ಎಂದರೆ ದಿನಚರಿ. ದಿನಚರಿಯ ‘ದಿ’ಯನ್ನು ಇಂಗ್ಲಿಷಿನಲ್ಲಿ ಬರೆಯಿರಿ: ಡಿ, ಐ. ಶಾಲೆಯ ಡೈರಿಯೂ ಹಾಗೇ ಶುರುವಾಗುತ್ತದೆ: ಡಿ, ಐ, ಎ, ಆರ್, ವೈ. ಲ್ಯಾಟಿನ್ ಭಾಷೆಯಲ್ಲಿ ದಿನಕ್ಕೆ ‘ಡಿಯೆಸ್’ ಎನ್ನುತ್ತಾರೆ, ಪುಸ್ತಕದ ಹೆಸರು ಅಲ್ಲಿಂದ ಬಂದದ್ದು. ಹಾಲಿನದು ಬೇರೆಯೇ ಸಂತತಿ. ಹಳೆಯ ಇಂಗ್ಲಿಷಿನಲ್ಲಿ ಮನೆಯ ಹೆಣ್ಣಾಳಿಗೆ, ಹಿಟ್ಟು ನಾದುವವಳಿಗೆ ಇದ್ದ ಪದವೊಂದು ಮುಂದೆ ಹಾಲು ಬೆಣ್ಣೆ ನೋಡಿಕೊಳ್ಳುವವಳಿಗೆ ಅಂಟಿ, ಕೊನೆಗೆ ಅವಳು ಕೆಲಸಮಾಡುವ ಜಾಗದ ಹೆಸರಾಯಿತು. (ನಿಮ್ಮ ಪಕ್ಕದ ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ನಿಮಗೆ ಗೊತ್ತಿರುತ್ತದೆ. ಅಮೃತಮಹಲ್ ಅನ್ನುವ ಹೆಸರು ಟಿಪ್ಪುವಿನ ಕಾಲದ್ದು. ಅದಕ್ಕೂ ಮೊದಲು, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಇಲಾಖೆಯನ್ನು ಬೆಣ್ಣೆ ಚಾವಡಿ ಎನ್ನುತ್ತಿದ್ದರು. ಡೈರಿಗೆ ನಮ್ಮಲ್ಲೂ ಅಷ್ಟು ಚೆಂದದ ಹೆಸರಿತ್ತು.)

‘ಲೂಸ್’ ಕಥೆಯೂ ಇದೇ. ಕಳೆದುಕೊಳ್ಳುವುದಕ್ಕೆ ಇಂಗ್ಲಿಷಿನವರು ‘ಲೂಝ್’ ಎನ್ನುತ್ತಾರೆ, ಕೊನೆಯಲ್ಲಿ ಜೇನುಹುಳು ಗುಂಯ್‌ಗುಟ್ಟುವಂಥ ದನಿ. ಆ ದನಿ ಕನ್ನಡದ ವರ್ಣಮಾಲೆಯಲ್ಲಿ ಇಲ್ಲ. ಹಾಗಾಗಿ ನಮ್ಮ ಬಾಯಲ್ಲಿ ಅದು ‘ಸ’ ಆಗಿ, ಸಡಿಲವಾದದ್ದಕ್ಕೆ ಹೇಳುವ ‘ಲೂಸು’ ಜೊತೆ ಸೇರಿಹೋಯಿತು. ನಟ್ಟು ಲೂಸಾಗಿದೆ, ಬಳೆ ಲೂಸಾಗಿದೆ ಎನ್ನುವಾಗಿನ ಲೂಸು ನಿಮಗೆ ಚಿಕ್ಕಂದಿನಿಂದ ಗೊತ್ತು. ಅದಕ್ಕೆ ಎರಡು ‘ಓ’. ಕಳೆದುಕೊಂಡದ್ದಕ್ಕೆ ಒಂದೇ, ಇನ್ನೊಂದು ಕಳೆದುಹೋಗಿದೆ ಎಂದುಕೊಳ್ಳಿ.

ಇನ್ನು ಸಭೆಯಲ್ಲಿ ಆದದ್ದು. ನನ್ನ ಮಟ್ಟಿಗೆ ನಿಮ್ಮ ಪತ್ರದ ಮುಖ್ಯ ಭಾಗ ಅದೇ. ‘ಟೀಚರನ್ನ ಕೇಳಿದೆ’ ಎನ್ನಲು ‘ಹಿಯರ್ಡ್’ ಎಂದಿರಿ. ಇದಕ್ಕೂ ಸ್ಪೆಲ್ಲಿಂಗಿಗೂ ಸಂಬಂಧವಿಲ್ಲ. ಕನ್ನಡದಲ್ಲಿ ‘ಕೇಳು’ ಒಂದೇ ಪದ ಮೂರು ಕೆಲಸ ಮಾಡುತ್ತದೆ. ರೇಡಿಯೊ ಕೇಳುತ್ತೇವೆ, ಹಾಲಿನ ದರ ಕೇಳುತ್ತೇವೆ, ದೂರದಲ್ಲಿ ರೈಲು ಕೂಗಿದ್ದು ಕೇಳುತ್ತದೆ. ಇಂಗ್ಲಿಷಿನಲ್ಲಿ ಈ ಮೂರಕ್ಕೆ ಮೂರು ಪದ: ಲಿಸನ್, ಆಸ್ಕ್, ಹಿಯರ್. ಮೂರನ್ನೂ ಮುಂದಿಟ್ಟುಕೊಂಡು ಯಾವುದು ಯಾವುದಕ್ಕೆ ಎಂದು ಉರುಹೊಡೆದರೆ ತಲೆ ಕೆಡುತ್ತದೆ. ಅದರ ಬದಲು ನಿಮ್ಮ ಕನ್ನಡ ವಾಕ್ಯವನ್ನೇ ಒಮ್ಮೆ ನೋಡಿಕೊಳ್ಳಿ. ಅದು ‘ನನಗೆ’ ಎಂದು ಶುರುವಾದರೆ, ಅಂದರೆ ‘ನನಗೆ ಗುಡುಗು ಕೇಳಿಸಿತು’ ಎಂದರೆ, ಇಂಗ್ಲಿಷಿನಲ್ಲಿ ಹಿಯರ್. ನೀವು ಬಯಸದಿದ್ದರೂ ದನಿ ತಾನಾಗಿ ಬಂದು ಕಿವಿಗೆ ಬಿದ್ದಿದೆ. ‘ನಾನು’ ಎಂದು ಶುರುವಾದರೆ ಅದು ಸಾಮಾನ್ಯವಾಗಿ ನೀವು ಮಾಡಿದ ಕೆಲಸ, ಹಿಯರ್ ಬೇಡ. ಆಗ ಇನ್ನೊಂದು ಪ್ರಶ್ನೆ ಹಾಕಿಕೊಳ್ಳಿ: ಕೇಳಿ ಉತ್ತರಕ್ಕೆ ಕಾದೆನೇ? ಕಾದಿದ್ದರೆ ಆಸ್ಕ್. ಕಿವಿಗೊಟ್ಟು ಸುಮ್ಮನೆ ಕೂತಿದ್ದರೆ ಲಿಸನ್. ನೀವು ಟೀಚರನ್ನು ಕೇಳಿ ಉತ್ತರಕ್ಕೆ ಕಾದಿರಿ. ಹಾಗಾಗಿ ‘ಐ ಆಸ್ಕ್ಡ್ ದಿ ಟೀಚರ್’.

ಇದೇ ಕೀಲಿ ‘ನೋಡು’ ಎಂಬುದನ್ನೂ ತೆರೆಯುತ್ತದೆ. ‘ನನಗೆ ಕೆರೆ ಏರಿಯ ಮೇಲೆ ಬಸ್ಸು ಕಾಣಿಸಿತು’ ಎಂದರೆ ಸೀ. ‘ನಾನು ಪಾಸ್‌ಬುಕ್ ನೋಡಿದೆ’ ಎಂದರೆ ಲುಕ್. ಕ್ರಿಕೆಟ್ಟು, ಧಾರಾವಾಹಿಯಂಥ ನಡೆಯುವ, ಓಡಾಡುವ ಸಂಗತಿಯನ್ನು ಕೂತು ನೋಡಿದರೆ ವಾಚ್. ಒಂದು ಕಡೆ ಈ ಲೆಕ್ಕ ತಪ್ಪುತ್ತದೆ, ಅದನ್ನೂ ಹೇಳಿಬಿಡುತ್ತೇನೆ: ‘ನಿನ್ನೆ ಡಾಕ್ಟರನ್ನು ನೋಡಿದೆ’ ಎಂದರೆ ಅಲ್ಲಿ ನೋಡುವುದು ಎಂದರೆ ಭೇಟಿಮಾಡುವುದು. ‘ನಾನು’ ಎಂದು ಶುರುವಾಗಿದ್ದರೂ ಅದಕ್ಕೆ ಸೀ.

ನೋಡಿ, ಇಂಗ್ಲಿಷಿಗೆ ಬೇಕಾದ ಭೇದವನ್ನು ಕನ್ನಡ ಆಗಲೇ ಮಾಡಿಟ್ಟಿದೆ. ಕೇಳು–ಕೇಳಿಸು, ನೋಡು–ಕಾಣಿಸು, ನಾನು–ನನಗೆ. ನಿಮಗೆ ಬಾಲ್ಯದಿಂದ ಬರುವ ಭೇದವನ್ನೇ ಆಚೆ ದಾಟಿಸಬೇಕು, ಅಷ್ಟೇ. ಇನ್ನೂ ಒಂದು ಉದಾಹರಣೆ ಕೊಡದಿದ್ದರೆ ಸಮಾಧಾನವಿಲ್ಲ. ರೈಸ್ ಮತ್ತು ರೇಸ್ ಎಂದು ನಾವು ಹೇಳುವ ಜೋಡಿಯೊಂದಿದೆ, ಮೇಲಕ್ಕೇರುವುದಕ್ಕೆ ಸಂಬಂಧಿಸಿದ್ದು. ನಿಮ್ಮ ಪುಸ್ತಕದಲ್ಲೂ ಇದ್ದೇ ಇರುತ್ತದೆ. ‘ಹಾಲಿನ ದರ ಏರಿತು’, ‘ಹಾಲಿನ ದರ ಏರಿಸಿದರು’: ಈ ಎರಡು ವಾಕ್ಯಗಳಲ್ಲಿ ಗೊಂದಲ ಮಾಡಿಕೊಳ್ಳುವ ಉತ್ಪಾದಕರು ನಿಮ್ಮ ಸಂಘದಲ್ಲಿ ಒಬ್ಬರಾದರೂ ಇದ್ದಾರೆಯೇ? ಏರು ಎಂದರೆ ರೈಸ್, ಏರಿಸು ಎಂದರೆ ರೇಸ್. ಕಲಿ ಎಂದರೆ ಲರ್ನ್, ಕಲಿಸು ಎಂದರೆ ಟೀಚ್. ಮಲಗು, ಮಲಗಿಸು ಎನ್ನುವುದಕ್ಕೆ ಹೊಂದುವ ‘ಲೈ’, ‘ಲೇ’ ಜೋಡಿಯಲ್ಲಿ ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರೇ ದಿನಾ ಎಡವುತ್ತಾರೆ. ಅವರಿಗೆ ಈ ಭೇದ ತೋರಿಸುವ ‘ಇಸು’ ಎಂಬ ಪ್ರತ್ಯಯವಿಲ್ಲ. ನಿಮಗಿದೆ.

ಇನ್ನು ಸಾಲಕ್ಕೆ ಸಂಬಂಧಿಸಿದ ಜೋಡಿ ಪದಗಳಿಗೆ ಸ್ತ್ರೀಶಕ್ತಿ ಸಂಘವನ್ನು ನೆನೆಸಿಕೊಂಡರೆ ಸಾಕು. ಸಂಘ ಸಾಲ ಕೊಡುತ್ತದೆ: ಲೆಂಡ್. ನೀವು ಸಾಲ ತಗೊಳ್ಳುತ್ತೀರಿ: ಬಾರೋ. ‘ತಗೊಂಡು ಬಾ’ ಎನ್ನುವಲ್ಲಿ ಬ್ರಿಂಗ್, ‘ತಗೊಂಡು ಹೋಗು’ ಎನ್ನುವಲ್ಲಿ ಟೇಕ್. ‘ಹೇಳಿದೆ’ ಎನ್ನುವಾಗ ಯಾರಿಗೆ ಎಂಬುದು ಜೊತೆಗಿದ್ದರೆ ಟೆಲ್, ಬರೀ ಆಡಿದ ಮಾತಷ್ಟೇ ಇದ್ದರೆ ಸೇ. ಎಚ್ಚರವಾಗಿರಬೇಕಾದ ಒಂದು ಜಾಗವೂ ಇದೆ. ಮನೆಯಿಂದ ಹೊರಡುವಾಗ ನಾವು ‘ಬರ್ತೀನಿ’ ಎನ್ನುತ್ತೇವೆ. ಹೋಗುತ್ತೇನೆ ಎಂದರೆ ಹಿರಿಯರು ಗದರುತ್ತಾರೆ, ‘ಹೋಗಿ ಬರ್ತೀನಿ ಅನ್ನು’ ಎನ್ನುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ‘ಐ ವಿಲ್ ಕಮ್’ ಎಂದು ಹೇಳಿ ಎದ್ದು ಹೊರಟರೆ ನಮ್ಮ ರೂಢಿ ಗೊತ್ತಿಲ್ಲದ ಎದುರಿನವರು ಗೊಂದಲಕ್ಕೆ ಬೀಳುತ್ತಾರೆ. ನಮ್ಮ ನಯ ಅಲ್ಲಿ ದಾಟುವುದಿಲ್ಲ. ಅಲ್ಲಿ ‘ಐ ಆಮ್ ಲೀವಿಂಗ್’ ಎಂದರೆ ಅಪಶಕುನವೂ ಇಲ್ಲ, ಒರಟುತನವೂ ಇಲ್ಲ.

ಉಚ್ಚಾರದ ಮಾತನ್ನು ನೀವು ಎತ್ತಿಲ್ಲ. ಆದರೂ ಮುಂದೆ ಯಾರಾದರೂ ಎತ್ತಿ ನೋಯಿಸಬಹುದು, ಅದಕ್ಕೆ ಈಗಲೇ ಹೇಳುತ್ತೇನೆ. ನಮ್ಮ ಬಯಲುಸೀಮೆಯ ಮಾತಿನಲ್ಲಿ ‘ಹ’ ಸುಲಭವಾಗಿ ಜಾರುತ್ತದೆ. ಹಾಸನ ‘ಆಸನ’ವಾಗುತ್ತದೆ, ಹಾಲು ‘ಆಲು’ ಆಗುತ್ತದೆ, ನಿಮ್ಮೂರು ‘ಇರೇನಲ್ಲೂರು’ ಆಗುತ್ತದೆ. ಇದನ್ನು ಅಸಂಸ್ಕೃತ ಎನ್ನುವವರಿಗೆ ಭಾಷೆಯ ಚರಿತ್ರೆ ಗೊತ್ತಿಲ್ಲ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹಿರಿದು ‘ಪಿರಿದು’ ಆಗಿತ್ತು. ‘ಪ’ ಹೋಗಿ ‘ಹ’ ಬಂತು, ಈಗ ಕೆಲವರ ಬಾಯಲ್ಲಿ ‘ಹ’ವೂ ಹೋಗುತ್ತಿದೆ. ಸಾವಿರ ವರ್ಷದಿಂದ ನಡೆದುಬಂದ ಹಾದಿ ಅದು. ಊರಿನಲ್ಲಿ ಹಾಗೇ ಮಾತಾಡಿ, ಯಾರಪ್ಪಣೆಯೂ ಬೇಡ. ಇಂಗ್ಲಿಷಿಗೆ ಹೋದಾಗ ಮಾತ್ರ ‘ಹ’ವನ್ನು ಗಟ್ಟಿಯಾಗಿ ಹಿಡಿಯಿರಿ, ಇಲ್ಲದಿದ್ದರೆ ಹೀಟ್ ಎಂಬುದು ಈಟ್ ಆಗಿ ಕಾಯಿಸುವುದು ತಿನ್ನುವುದಾಗುತ್ತದೆ. ಹಾಗೆಯೇ ‘ಎ’ಯಿಂದ ಶುರುವಾಗುವ ಪದಕ್ಕೆ ‘ಯ’ ಸೇರಿಸುವುದು ನಮ್ಮ ಅಭ್ಯಾಸ: ಎಂಟು ಎಂದು ಬರೆದು ‘ಯೆಂಟು’ ಎನ್ನುತ್ತೇವೆ. ಈ ಅಭ್ಯಾಸ ‘ಇ’ಗೂ ಹಬ್ಬಿದಾಗ ಕಿವಿಗೆ ಹೇಳುವ ‘ಇಯರ್’, ವರ್ಷಕ್ಕೆ ಹೇಳುವ ‘ಯಿಯರ್’ ಎರಡೂ ಒಂದಾಗುತ್ತವೆ. ಆದರೆ ಫುಲ್, ಫೂಲ್; ಶಿಪ್, ಶೀಪ್ ಇಂಥ ಜೋಡಿಗಳಲ್ಲಿ ಸ್ಪೇನಿನವರು, ಇಟಲಿಯವರು ಎಷ್ಟು ಒದ್ದಾಡುತ್ತಾರೆ ಗೊತ್ತೇ? ಹ್ರಸ್ವ ದೀರ್ಘದ ಪಾಠ ನಮಗೆ ಅಆಇಈಯಲ್ಲೇ ಮುಗಿದಿದೆ.

ಉಳಿದದ್ದು ಇಂಗ್ಲಿಷಿನದೇ ಗೊಂದಲ. ಹಿಂದೆ ದೆನ್, ದ್ಯಾನ್ ಎರಡೂ ಒಂದೇ ಪದವಾಗಿದ್ದವು, ನಿಧಾನವಾಗಿ ಬೇರಾದವು. ಸದ್ದಿಲ್ಲದ ‘ಕ್ವಯಟ್’, ತಕ್ಕಮಟ್ಟಿಗೆ ಎನ್ನುವ ‘ಕ್ವೈಟ್’ ಎರಡರ ಮೂಲವೂ ಒಂದೇ ಲ್ಯಾಟಿನ್ ಪದ. ಅದರ, ಇದರ ಎನ್ನುವ ‘ಇಟ್ಸ್’ ಮೇಲೆ ಅಪಾಸ್ಟ್ರಫಿಯ ಕೊಂಬು ಹಾಕಬಾರದು ಎಂದು ಈಗ ಶಾಲೆಯಲ್ಲಿ ಬೈಯುತ್ತಾರಲ್ಲ, 17, 18ನೇ ಶತಮಾನದ ಇಂಗ್ಲಿಷ್ ಬರಹಗಾರರು ಅಲ್ಲಿ ಕೊಂಬು ಹಾಕಿಯೇ ಬರೆಯುತ್ತಿದ್ದರು. ಇವುಗಳಲ್ಲಿ ಎಡವುವುದು ಹಿರೇನಲ್ಲೂರಿನ ಸಮಸ್ಯೆಯೂ ಅಲ್ಲ, ಕನ್ನಡ ಮಾಧ್ಯಮದ ಸಮಸ್ಯೆಯೂ ಅಲ್ಲ. ನಮ್ಮ ಭಾಷೆಯಲ್ಲಿ ನಾವೂ ಎಡವುತ್ತೇವೆ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದರು. ವರ್ಷಗಟ್ಟಲೆ ಕನ್ನಡಿಗರು ಕನ್ನಡ ಪದಗಳ ಬಗ್ಗೆಯೇ ಅವರಿಗೆ ಪತ್ರ ಬರೆದು ಸಂದೇಹ ಕೇಳಿದರು. ಯಾರೂ ಅವರನ್ನು ದಡ್ಡರೆನ್ನಲಿಲ್ಲ. ಕನ್ನಡ ಕಲಿಯಲು ಹೊರಟ ಹೊರಗಿನವರನ್ನು ‘ಬೆಲೆ’ ಮತ್ತು ‘ಬೆಳೆ’ ಎರಡನ್ನೂ ಸರಿಯಾಗಿ ಹೇಳಿ ಎಂದು ಕೇಳಿ ನೋಡಿ, ಗೊಂದಲ ಯಾರಿಗಾದರೂ ಆಗುತ್ತದೆ ಎನ್ನುವುದು ತಿಳಿಯುತ್ತದೆ. ಈರುಳ್ಳಿ ಬೆಳೆಗಾರರಿಗೆ ಆ ಎರಡರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು!

ಈಗ ನಿಮ್ಮ ಪುಸ್ತಕಕ್ಕೆ ಬರೋಣ. ಅದನ್ನು ಮುಚ್ಚಿಡಿ ಎಂದೇ ಹೇಳುತ್ತೇನೆ. ಅದರಲ್ಲಿ ಕೊಟ್ಟ ಅರ್ಥ ತಪ್ಪಿರಲಿಕ್ಕಿಲ್ಲ, ಕೊಟ್ಟ ರೀತಿ ತಪ್ಪು. ಒಂದೇ ಥರ ಇರುವ ಎರಡು ಹೊಸ ಪದಗಳನ್ನು ಒಟ್ಟೊಟ್ಟಿಗೆ ಕಲಿಯಲು ಹೊರಟರೆ ಒಂದರ ನೆನಪು ಇನ್ನೊಂದಕ್ಕೆ ಅಡ್ಡಬರುತ್ತದೆ. ನ್ಯೂಜಿಲೆಂಡಿನ ಪಾಲ್ ನೇಶನ್ ಪದ ಕಲಿಕೆಯನ್ನೇ ಜೀವಮಾನದ ಅಧ್ಯಯನ ಮಾಡಿಕೊಂಡ ವಿದ್ವಾಂಸರು. ಹತ್ತಿರದ ನಂಟಿರುವ ಪದಗಳನ್ನು, ವಿರುದ್ಧ ಪದಗಳನ್ನು ಜೊತೆಯಾಗಿ ಕಲಿಸುವುದರ ಅಪಾಯದ ಬಗ್ಗೆ ಅವರು 2000ದಲ್ಲಿ ಒಂದು ಲೇಖನವನ್ನೇ ಬರೆದಿದ್ದಾರೆ. ನಮ್ಮಲ್ಲಿ ಮಾತ್ರ ಇನ್ನೂ ಜೋಡಿಪಟ್ಟಿಯೇ ನಡೆಯುತ್ತಿದೆ. ಎರಡು ಮನೆಯ ಹಾಲನ್ನು ಪರೀಕ್ಷೆಗೆ ಮೊದಲೇ ಒಂದೇ ಕ್ಯಾನಿಗೆ ಸುರಿದರೆ ಯಾರದು ಎಷ್ಟು ಡಿಗ್ರಿ ಎಂದು ನೀವು ಹೇಳಬಲ್ಲಿರಾ? ಪದಗಳ ಗತಿಯೂ ಅಷ್ಟೇ. ‘ಮೊದಲು ಎರಡರಲ್ಲಿ ಒಂದಾದರೂ ಗೊತ್ತಿರುತ್ತಿತ್ತು, ಈಗ ಎರಡೂ ಕಲಸುಮೇಲೋಗರ’ ಎಂದು ಬರೆದಿದ್ದೀರಲ್ಲ, ಆದದ್ದು ಇದೇ.

ಹಾಗಾದರೆ ಹೇಗೆ? ಗೊತ್ತಿರುವ ಒಂದನ್ನು ಮೊದಲು ಬೇರೂರಿಸಿ. ಇನ್ನೊಂದರ ಕಡೆ ಸದ್ಯ ತಿರುಗಿಯೂ ನೋಡಬೇಡಿ. ಅಫೆಕ್ಟ್, ಎಫೆಕ್ಟ್ ಜೋಡಿಯನ್ನೇ ತೆಗೆದುಕೊಳ್ಳಿ, ಇದು ನಿಮ್ಮ ಪುಸ್ತಕದಲ್ಲಿ ಇಲ್ಲದೇ ಇರಲಾರದು. ಎಫೆಕ್ಟ್ ನಿಮಗೆ ಹೊಸದಲ್ಲ. ಮಾತ್ರೆ ತಗೊಂಡರೆ ಸೈಡ್ ಎಫೆಕ್ಟ್ ಆಗುತ್ತದೆ ಎಂದು ನಿಮ್ಮ ಅತ್ತೆಯೂ ಹೇಳುತ್ತಾರೆ. ಅದು ಒಂದು ವಸ್ತುವಿನಂತೆ, ಪರಿಣಾಮ ಎಂಬ ನಾಮಪದ. ‘ಇ’ ಅಕ್ಷರದಿಂದ ಶುರು. ಇದನ್ನೇ ನಿಮ್ಮ ಬದುಕಿನ ವಾಕ್ಯದಲ್ಲಿಟ್ಟು ಬರೆಯಿರಿ: ಮೇವು ಬದಲಾಯಿಸಿದ ಪರಿಣಾಮ ಹಾಲಿನ ಮೇಲೆ ಕಂಡಿತು, ಮಳೆ ಕೈಕೊಟ್ಟ ಪರಿಣಾಮ ರಾಗಿಯ ಮೇಲೆ ಕಂಡಿತು. ಕೆಲವು ವಾರ ಹೋಗಲಿ. ಎಫೆಕ್ಟ್ ಬರೆಯುವಾಗ ಕೈ ತಡೆಯುತ್ತಿಲ್ಲ, ಯೋಚನೆಯೇ ಬರುತ್ತಿಲ್ಲ ಎನ್ನುವ ಹಂತ ಬಂದಮೇಲೆ ಅಫೆಕ್ಟ್ ಕಡೆ ಹೋಗಿ. ಅದು ಕ್ರಿಯಾಪದ, ಪರಿಣಾಮದ ಪಕ್ಕದಲ್ಲಿ ನಾವು ‘ಬೀರು’ ಸೇರಿಸುವ ಜಾಗದಲ್ಲಿ ಬರುವಂಥದ್ದು. ಸಲಹೆಗೂ ಹೀಗೆಯೇ: ಸಲಹೆ ಎಂಬುದಕ್ಕೆ ಕೊನೆಯ ‘ಇ’ಗೆ ಮೊದಲು ‘ಸಿ’ ಅಕ್ಷರ, ಸಲಹೆ ಕೊಡು ಎಂಬುದಕ್ಕೆ ‘ಎಸ್’. ಇವತ್ತು ‘ಸಿ’ಯದನ್ನು ಮಾತ್ರ ಕಲಿಯಿರಿ.

ಒಂದು ಸಣ್ಣ ನೋಟ್‌ಬುಕ್ ಇಡಿ. ಬೇರೆಯವರ ಪಟ್ಟಿ ಅದರಲ್ಲಿ ಬೇಡ, ನೀವೇ ಎಡವಿದ ಪದಗಳು ಮಾತ್ರ ಇರಲಿ. ಎಡಪುಟದಲ್ಲಿ ನಿಮ್ಮ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ, ಬಲಪುಟದಲ್ಲಿ ಸರಿಯಾದ ಇಂಗ್ಲಿಷ್ ವಾಕ್ಯ. ಬಿಡಿ ಪದ ಬರೆಯಬೇಡಿ, ಇಡೀ ವಾಕ್ಯ ಬರೆಯಿರಿ, ಗಟ್ಟಿಯಾಗಿ ಓದಿ. ಒಂದು ಪುಟದಲ್ಲಿ ಒಂದೇ ಪದ. ಅದರ ಜೋಡಿ ಪದ ಎಷ್ಟೋ ಪುಟಗಳಾಚೆ ಬರಲಿ. ಸಂದೇಹ ಬಂದರೆ ಒಂದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು ಕೈಯಲ್ಲಿರಲಿ. ವೆಂಕಟಸುಬ್ಬಯ್ಯನವರು ಮಾಡಿದ್ದೂ ಸಿಗುತ್ತದೆ. ನಡುರಾತ್ರಿ ಎಲ್ಲರೂ ಮಲಗಿದ ಮೇಲೆ ಓದುವುದನ್ನು ನಿಲ್ಲಿಸಿ, ಜಾವಕ್ಕೇ ಏಳಬೇಕಾದವರು ನೀವು. ಸಂಜೆಯ ಹಾಲು ಮುಗಿದ ಮೇಲಿನ ಕಾಲು ಗಂಟೆ ಸಾಕು. ವಯಸ್ಸಿನ ಚಿಂತೆ ಬಿಡಿ. ಮಕ್ಕಳು ಉಚ್ಚಾರವನ್ನು ಬೇಗ ಹಿಡಿಯುತ್ತಾರೆ ನಿಜ. ಆದರೆ ‘ನಾನು’, ‘ನನಗೆ’ ಭೇದ ಬಳಸಿ ಪದ ಆರಿಸುವಂಥ ಕೆಲಸ ನಿಮ್ಮ ಮಗಳಿಗಿಂತ ನಿಮಗೆ ಸುಲಭ. 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ 1ನೇ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ನಿಮ್ಮ ಬ್ಯಾಚಿಗೆ ಆ ನಾಲ್ಕು ವರ್ಷ ಸಿಗಲಿಲ್ಲ. ಅದು ನೀವು ಮಾಡಿದ ತಪ್ಪಲ್ಲ.

ಮನೆಯಲ್ಲಿ ಕನ್ನಡ ಬಿಡುವ ಮಾತು ದಯವಿಟ್ಟು ಬೇಡ. ನಿಮ್ಮ ಮಗಳು ತನ್ನ ಶಾಲೆಯ ಇಂಗ್ಲಿಷನ್ನು ಕೂರಿಸಿಕೊಳ್ಳುವುದೂ ನಿಮ್ಮ ಮಾತಿನ ಮೇಲೆಯೇ. ನೀವು ತಡವರಿಸುವ ಭಾಷೆಯಲ್ಲಿ ಮಾತಾಡಿದರೆ ಅವಳಿಗೆ ಸಿಗುವುದು ನಾಲ್ಕಾರು ಅಪ್ಪಣೆ: ಕಮ್, ಗೋ, ಈಟ್, ಸ್ಲೀಪ್. ಕನ್ನಡದಲ್ಲಾದರೆ ಅವಳಿಗೆ ಅಜ್ಜಿಯ ಕಾಲದ ಬರಗಾಲ ಹೇಗಿತ್ತು, ಕರು ಹಾಕಿದ ಹಸುವನ್ನು ಹೇಗೆ ನೋಡಿಕೊಳ್ಳಬೇಕು, ಸಂಘದ ಚುನಾವಣೆಯಲ್ಲಿ ಏನಾಯಿತು, ಎಲ್ಲವೂ ಸಿಗುತ್ತದೆ. ಯೋಚಿಸಲು ವಿಷಯವಿದ್ದ ಮಗುವಿಗೆ ಬರೆಯಲು ಪದ ಹುಡುಕುವುದು ಕಷ್ಟವಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಯಾವುದೇ ಶಾಲೆಯಲ್ಲೂ ಕನ್ನಡ ಕಲಿಸಬೇಕು, ಅವಳಿಗೂ ಆ ಪಾಠ ಇರಬೇಕು. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಒತ್ತಕ್ಷರ, ಲ–ಳ, ಅಲ್ಪಪ್ರಾಣ ಮಹಾಪ್ರಾಣ ಇವುಗಳಲ್ಲಿ ತೊಡಕಾಗುವುದು ಸಾಮಾನ್ಯ. ಅದು ನಿಮ್ಮ ಕೈಯಿಂದ ಆಗುವ ಕೆಲಸ. ಅವಳ ಕನ್ನಡ ಕಾಪಿ ತೆಗೆದು ಜೊತೆಗೆ ಕೂತುಕೊಳ್ಳಿ. ಅವಳು ನಿಮ್ಮ ಇಂಗ್ಲಿಷ್ ತಿದ್ದಲಿ, ನೀವು ಅವಳ ಕನ್ನಡ ತಿದ್ದಿ. ಅವಳು ತಿದ್ದಿದಾಗ ಮುಖ ಸಣ್ಣದು ಮಾಡಿಕೊಳ್ಳದೆ ‘ಯಾಕೆ ಹಾಗೆ, ವಿವರಿಸು’ ಎಂದು ಕೇಳಿ. ವಿವರಿಸಲು ಹೋದಾಗ ಅವಳಿಗೇ ಗೊತ್ತಿಲ್ಲದ್ದು ಅವಳಿಗೆ ಗೊತ್ತಾಗುತ್ತದೆ, ನಿಘಂಟು ಇಬ್ಬರೂ ಸೇರಿ ತೆಗೆಯುವಿರಿ.

ಅವಳು ‘ಗ್ರೂಪಲ್ಲಿ ಬರೀಬೇಡ’ ಎಂದದ್ದು ನಿಮಗೆ ಚುಚ್ಚಿದೆ. ಒಂಬತ್ತು ಹತ್ತು ವರ್ಷದ ಮಗುವಿಗೆ ಅಮ್ಮನನ್ನು ನೋಡಿ ಬೇರೆಯವರು ನಗುವುದನ್ನು ಸಹಿಸಲಾಗುವುದಿಲ್ಲ. ಆ ನೋವನ್ನು ಅವಳು ಅಷ್ಟು ಒರಟಾಗಿ ಹೇಳಿದಳು. ಬೈಯಬೇಡಿ, ಹಾಗೆಂದು ಬಿಟ್ಟುಬಿಡಲೂ ಬೇಡಿ. ಒಮ್ಮೆ ಅವಳನ್ನು ಬೆಳಗಿನ ಹಾಲಿನ ಹೊತ್ತಿಗೆ ಸಂಘಕ್ಕೆ ಕರೆದುಕೊಂಡು ಹೋಗಿ, ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ರಿಜಿಸ್ಟರ್ ಬರೆಸಿ. ಹಿರಿಯರು ಕ್ಯಾನು ಹಿಡಿದು ಬಂದು ತಮ್ಮ ಲೆಕ್ಕವನ್ನು ನಿಮ್ಮನ್ನು ಕೇಳುವುದನ್ನು ಅವಳು ನೋಡಲಿ. ಹಸುವಿನ ಚಿತ್ರ ಹಾಕಿದವರ ವಿಷಯ ನನ್ನನ್ನು ಕೇಳಿದರೆ, ಅದು ಕೆಟ್ಟ ನಡತೆ. ಮಗುವಿನ ಪುಸ್ತಕ ಕಳೆದಿದೆ ಎಂದು ತಾಯಿ ಕೇಳಿದಾಗ ಉತ್ತರ ಕೊಡುವುದು ಸಂಸ್ಕಾರ. ಅವರ ಜೊತೆ ಜಗಳಕ್ಕೆ ಮಾತ್ರ ಹೋಗಬೇಡಿ.

ಗ್ರೂಪು ಬಿಡಬೇಡಿ. ಬಿಟ್ಟರೆ ಫೀಸು, ರಜೆ, ಬಸ್ಸಿನ ಸಮಯ ಎಲ್ಲಕ್ಕೂ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. ಅಲ್ಲಿ ಕನ್ನಡದಲ್ಲಿ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಕಡೂರು ಸೀಮೆಯ ಶಾಲೆಯ ಪೋಷಕರಿಗೆ ಕನ್ನಡ ಓದಲು ಬರುತ್ತದೆ. ನೀವು ಶುರುಮಾಡಿದರೆ, ಇಂಗ್ಲಿಷಿಗೆ ಅಂಜಿ ಈವರೆಗೆ ಬಾಯಿ ಬಿಡದ ಇನ್ನೂ ಕೆಲವು ತಾಯಂದಿರು ಬರೆಯುತ್ತಾರೆ. ಇಂಗ್ಲಿಷಿನ ಅಭ್ಯಾಸಕ್ಕೆ ಕ್ಲಾಸ್ ಟೀಚರಿಗೆ ನೇರವಾಗಿ ಕಳುಹಿಸುವ ಚಿಕ್ಕ ಸಂದೇಶಗಳನ್ನು ಇಟ್ಟುಕೊಳ್ಳಿ. ‘ಮೈ ಡಾಟರ್ ಹ್ಯಾಸ್ ಫೀವರ್. ಪ್ಲೀಸ್ ಗ್ರಾಂಟ್ ಹರ್ ಲೀವ್ ಟುಡೇ.’ ಈ ಎರಡು ವಾಕ್ಯಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಜ್ವರದ ಜಾಗದಲ್ಲಿ ನೆಗಡಿ, ಹೊಟ್ಟೆನೋವು ಹಾಕಿಕೊಂಡರೆ ವರ್ಷಪೂರ್ತಿ ಬರುತ್ತವೆ. ರಜೆಯ ‘ಲೀವ್’ಗೆ ಎಲ್, ಇ, ಎ, ವಿ, ಇ. ಅದರ ಹತ್ತಿರದ ನೆಂಟ ಒಂದಿದೆ, ಅದನ್ನು ಈಗ ಹೇಳುವುದಿಲ್ಲ. ಇದು ಕೈಗೆ ಹತ್ತಿದ ಮೇಲೆ ಇನ್ನೊಂದು ಪತ್ರ ಬರೆಯಿರಿ.